ಅರಳೆ ಕೋಣೆಯ ದನಿ

ನಮ್ಮೂರಿನ ಕೋರ್ಟಿನಲ್ಲಿ ಸಾಕ್ಷಿ ಹೇಳುವವರು ಬಾಯಿ ತೆರೆಯುವ ಮೊದಲು ಉಳಿದವರೆಲ್ಲ ಕಣ್ಣು ಮುಚ್ಚಿಕೊಳ್ಳಬೇಕು. ಮೊದಲು ನ್ಯಾಯಾಧೀಶರು ಮುಚ್ಚುತ್ತಾರೆ, ಆಮೇಲೆ ವಕೀಲರು, ಕೊನೆಗೆ ಹಿಂದಿನ ಬೆಂಚುಗಳಲ್ಲಿ ಶೇಂಗಾ ತಿನ್ನುತ್ತ ಕೂತ ಜನ. ಹಾಗೆ ಮಾಡದಿದ್ದರೆ ಕಷ್ಟ. ಬಿಳಿ ಮೀಸೆಯ ಧಡೂತಿ ಗಂಡಸೊಬ್ಬ ಕಟಕಟೆಯಲ್ಲಿ ನಿಂತು, ಹಾಲುಹಲ್ಲು ಬಿದ್ದ ಹುಡುಗನ ದನಿಯಲ್ಲಿ “ನಮ್ಮ ಕಾಕಾ ನನ್ನ ಬುಗುರಿ ಕಸಗೊಂಡಾ” ಎನ್ನುವುದನ್ನು ಕಣ್ಣು ಬಿಟ್ಟುಕೊಂಡು ನೋಡಿದರೆ ಎಂಥವರಿಗೂ ನಗು ತಡೆಯುವುದಿಲ್ಲ. ಕಣ್ಣು ಮುಚ್ಚಿದರೆ ಅಲ್ಲಿ ಮೀಸೆ ಇರುವುದಿಲ್ಲ. ಹುಡುಗ ಮಾತ್ರ ಇರುತ್ತಾನೆ.

ನಮ್ಮಲ್ಲಿ ಹೀಗೇ. ಪೂರಾ ಮರೆತುಹೋಗಿದ್ದ ಸಂಗತಿ ಯಾವತ್ತೋ ನೆನಪಿಗೆ ಬಂದರೆ, ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳುವಾಗ ಆ ಕಾಲದ ದನಿಯೇ ಬರುತ್ತದೆ. ಒಂದೇ ಸಲ. ಮತ್ತೆ ಹೇಳಿದರೆ ಈಗಿನ ದನಿ. ನನ್ನ ಮದುವೆಯ ಪಂಕ್ತಿಯಲ್ಲಿ ನಮ್ಮ ಸೋದರತ್ತೆ ಹೋಳಿಗೆ ಮುರಿಯುತ್ತಿದ್ದವಳು ಇದ್ದಕ್ಕಿದ್ದಂತೆ ಹದಿನಾರರ ಹುಡುಗಿಯ ದನಿಯಲ್ಲಿ “ಆತ ನನ್ನ ನೋಡಕೋತ ಸೈಕಲ್ಲಿಂದ ಬಿದ್ದಿದ್ದಾ” ಎಂದುಬಿಟ್ಟಳು. ಇಡೀ ಪಂಕ್ತಿ ಊಟ ನಿಲ್ಲಿಸಿತು. ಯಾರು ಆತ ಎಂದು ಅತ್ತೆ ಇವತ್ತಿಗೂ ಹೇಳಿಲ್ಲ. ಮಾವನಂತೂ ಆವತ್ತಿನಿಂದ ಯಾರಾದರೂ ಹಳೆಯ ಸೈಕಲ್ಲಿನ ಸುದ್ದಿ ಎತ್ತಿದರೆ ಎದ್ದು ಹೊರಗೆ ಹೋಗುತ್ತಾನೆ.

ಬೇರೆಯವರು ನಮ್ಮ ಬಾಯಿಗೆ ಹಾಕಿಕೊಟ್ಟ ನೆನಪಾದರೆ ಹಾಕಿಕೊಟ್ಟವರ ದನಿ ಬರುತ್ತದೆ. ಒಬ್ಬ ತನ್ನ ಅಜ್ಜ ಸಾಯುವಾಗ ಬಾವಿ ತನಗೇ ಎಂದಿದ್ದು ಈಗ ನೆನಪಾಯಿತು ಎಂದು ಕಟಕಟೆ ಹತ್ತಿದ. ಬಾಯಿ ಬಿಟ್ಟರೆ ಅವನದೇ ವಕೀಲರ ಮೂಗಿನ ದನಿ. ವಕೀಲರು ಅಲ್ಲೇ ಕೂತಿದ್ದರು. ಆ ವಕೀಲರು ಈಗ ವಕೀಲಿ ಬಿಟ್ಟು ಹಾಲಿನ ಡೇರಿ ಇಟ್ಟಿದ್ದಾರೆ, ಚೆನ್ನಾಗಿ ನಡೆಯುತ್ತಿದೆ.

ಹೀಗಾಗಿ ಅಂಗಡಿಗಳಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಶಾಲೆಯಲ್ಲಿ, ಎಲ್ಲ ಕಡೆ ಬೆಲ್ಲದ ಡಬ್ಬಿ ಇಟ್ಟಿರುತ್ತಾರೆ. ಯಾರಾದರೂ ಕಣ್ಣು ಅಗಲ ಮಾಡಿ, ಗದ್ದ ನಡುಗಿಸಿ, ಏನೋ ದೊಡ್ಡದು ನೆನಪಾದವರಂತೆ ನಿಂತರೆ ಪಕ್ಕದವರು ಒಂದು ತುಂಡು ಬೆಲ್ಲ ಬಾಯಿಗಿಡುತ್ತಾರೆ. ಒಂದೇ ಸಲ ಬರುವ ದನಿ ಬೀದಿಯಲ್ಲಿ ಚೆಲ್ಲಿಹೋಗಬಾರದಲ್ಲ.

ನಮ್ಮದು ಕನ್ನಡಕದ ಅಂಗಡಿ. ನಾನು ಕಣ್ಣು ಪರೀಕ್ಷೆ ಮಾಡುತ್ತೇನೆ, ನನ್ನ ಗಂಡ ರಾಚಯ್ಯ ಗಾಜು ಕೂರಿಸುತ್ತಾರೆ. ಹೋದ ವರ್ಷ ಯುಗಾದಿ ಮುಗಿದ ಮೇಲೆ ಒಂದು ಬೆಳಿಗ್ಗೆ ಮುರಿಗೆಪ್ಪ ಮಾಸ್ತರರು ಅಂಗಡಿಗೆ ಬಂದರು. ಊರಿಗೆಲ್ಲ ಬೇಕಾದವರು. ಹಳೆಯ ಹತ್ತಿ ಜಿನ್ನಿಂಗ್ ಮಿಲ್ಲಿನ ಆವರಣದಲ್ಲಿ ಮೊದಲೆಲ್ಲ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಈಗ ಅದೇ ಆವರಣದಲ್ಲಿ ಮಕ್ಕಳಿಗೊಂದು ಉಚಿತ ವಸತಿಶಾಲೆ ಕಟ್ಟಿ, ಅವರನ್ನೇ ಅದಕ್ಕೆ ಮುಖ್ಯಸ್ಥರನ್ನಾಗಿ ಕೂರಿಸುವವರಿದ್ದರು. ಉದ್ಘಾಟನೆಯ ಭಾಷಣ ಓದಲು ಹೊಸ ಕನ್ನಡಕ ಬೇಕಾಗಿತ್ತು. ನನ್ನ ಮಗಳು ಮಂದಾರಳ ತರಗತಿಯ ಅರ್ಧದಷ್ಟು ಮಕ್ಕಳ ಹೆಸರು ಆ ಶಾಲೆಗೆ ಸೇರಿಯಾಗಿತ್ತು. ಅವಳೂ ಹೋಗುತ್ತೇನೆಂದು ಹಟ ಹಿಡಿದಿದ್ದಳು.

“ನೀಲಗಂಗಾ ಅಲ್ಲೇನವಾ ನೀ? ನನ್ನ ಕಡೆ ಮಗ್ಗಿ ಕಲಿತಾಕಿ,” ಎಂದರು. ಹೌದೆಂದು ನಕ್ಕೆ. ಅವರ ಹತ್ತಿರ ಓದಿದ್ದು ನೆನಪಿತ್ತು. ಹೇಗೆ ಓದಿದೆ ಎನ್ನುವುದು ನೆನಪಿರಲಿಲ್ಲ. ಅದೊಂದು ಖಾಲಿ ಜಾಗ. ಖಾಲಿ ಇದೆ ಎಂದೂ ಯಾವತ್ತೂ ಅನಿಸಿರಲಿಲ್ಲ.

“ಒಂದು ಕಣ್ಣು ಮುಚ್ಚಿಕೊಳ್ರಿ ಸರ್, ಆ ಕೆಳಗಿನ ಸಾಲು ಓದ್ರಿ,” ಎಂದೆ.

ಮಾಸ್ತರರು ಅಂಗೈ ಎತ್ತಿ ಕಣ್ಣಿಗೆ ಅಡ್ಡ ಇಟ್ಟುಕೊಂಡರು. ಅಗಲವಾದ ಅಂಗೈ, ಹೆಬ್ಬೆರಳು ಸ್ವಲ್ಪ ಹೊರಗೆ ಬಾಗಿದ್ದು. ಅದನ್ನು ನೋಡುತ್ತಿದ್ದಂತೆ ನನ್ನ ಮೂಗಿನೊಳಗೆ ಹತ್ತಿ ತುಂಬಿತು. ಅಂಗಡಿಯಲ್ಲಿ ಹತ್ತಿ ಎಲ್ಲಿಂದ ಬರಬೇಕು. ಆದರೂ ತುಂಬಿತು. ನಾನು ಸೀನಿದೆ. ಮತ್ತೆ ಸೀನಿದೆ. ಗದ್ದ ನಡುಗತೊಡಗಿತು. ರಾಚಯ್ಯ ಗಾಜು ಉಜ್ಜುತ್ತಿದ್ದವರು ತಲೆ ಎತ್ತಿ ನೋಡಿ, ಎದ್ದು ಬಂದು ನನ್ನ ಬಾಯಿಗೆ ಬೆಲ್ಲ ಇಟ್ಟರು. ಆಮೇಲೆ ಮಾಸ್ತರರ ಕಡೆ ತಿರುಗಿ, “ನಾಳೆ ಬರ್ರಿ ಸರ್, ಇವತ್ತ ಮಷೀನ್ ಕೆಟ್ಟೈತಿ,” ಎಂದರು.

ನಮ್ಮ ಅಂಗಡಿಯಲ್ಲಿ ಮಷೀನೇ ಇಲ್ಲ, ಗೋಡೆಗೆ ಹಚ್ಚಿದ ಅಕ್ಷರದ ಹಾಳೆ ಇದೆ. ಮಾಸ್ತರರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೋದರು.

ಮರುದಿನವೇ ರಾಚಯ್ಯ ನನ್ನನ್ನು ತಾರಾಬಾಯಿಯ ಹತ್ತಿರ ಕರೆದುಕೊಂಡು ಹೋದರು. ಅವಳ ಮನೆಯ ಮುಂದೆ ಆಪ್ತ ಸಮಾಲೋಚನಾ ಕೇಂದ್ರ ಎಂಬ ಬೋರ್ಡು ಇದೆ. ಅಲ್ಲಿ ಸಮಾಲೋಚನೆಯೂ ಇಲ್ಲ, ಸಲಹೆಯೂ ಇಲ್ಲ. ಬಂದವರು ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂರಬೇಕು. ತಾರಾಬಾಯಿ ಎದುರಿಗೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿರುತ್ತಾಳೆ. ನಾವು ಬಾಯಿ ಬಿಡದೆ ನಮ್ಮೊಳಗೇ ನೆನಪು ಮಾಡಿಕೊಳ್ಳುತ್ತ ಹೋಗಬೇಕು. ಎಲ್ಲಿ ನಿಂತೆವು ಎಂದು ನಮ್ಮ ಮುಖ ನೋಡಿ ಅವಳಿಗೆ ಹೊಳೆಯುತ್ತದೆ. ಆಗ “ಆಮ್ಯಾಲೆ?” ಎನ್ನುತ್ತಾಳೆ. ಆ ಕಸುಬಿನವರಿಗೆ ಅನುಮತಿ ಇರುವುದು ಅದೊಂದೇ ಮಾತಿಗೆ. ನಮಗೆ ಏನು ನೆನಪಾಯಿತೆಂದು ಅವಳಿಗೆ ತಿಳಿಯುವುದೇ ಇಲ್ಲ. ತಿಳಿಯಬಾರದು. ಊರಿನ ಎಷ್ಟೋ ಮನೆಗಳ ದುಃಖವನ್ನು ಅವಳು ಹೀಗೆ ಸೊಪ್ಪು ಬಿಡಿಸುತ್ತಲೇ ದಾಟಿಸಿದ್ದಾಳೆ. ಅವಳ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಮೆಂತ್ಯದ ಪಲ್ಯ.

ತಾರಾಬಾಯಿಯ ದನಿ ಊರಿಗೇ ಗೊತ್ತು. ಎಲೆ ಅಡಿಕೆ ಹಾಕಿ ಹಾಕಿ ಒಡೆದ, ಗಂಡಸರದಕ್ಕಿಂತ ದಪ್ಪ ದನಿ. ಫೋನಿನಲ್ಲಿ ಮಾತಾಡಿದರೆ ಹೊಸಬರು ಅವಳನ್ನು “ಸರ್” ಎನ್ನುತ್ತಾರೆ. ಅವಳೂ ತಿದ್ದುವುದಿಲ್ಲ.

ನಾನು ಕಣ್ಣು ಮುಚ್ಚಿ ಕೂತೆ. ಮಿಲ್ಲಿನ ಆವರಣ ಬಂತು. “ಆಮ್ಯಾಲೆ?” ಮಗ್ಗಿ ತಪ್ಪಿದ್ದು ಬಂತು. “ಆಮ್ಯಾಲೆ?” ಮಾಸ್ತರರು ಕರೆದುಕೊಂಡು ಹೋದ ಕೋಣೆ ಬಂತು. ಬೀಜ ತೆಗೆದ ಬಿಡಿ ಹತ್ತಿಯನ್ನು, ನಾವು ಅರಳೆ ಎನ್ನುವುದನ್ನು, ಆಳೆತ್ತರ ಒಟ್ಟಿದ ಕೋಣೆ. ಮುಂದಿನದು ಬರಲು ಬಹಳ ದಿನ ಹಿಡಿಯಿತು. ಪ್ರತಿ ದಿನವೂ ಮನೆಗೆ ಬಂದು ನಾನು ಏನೂ ಹೇಳುವಂತಿರಲಿಲ್ಲ. ರಾಚಯ್ಯ “ಹೇಳಬ್ಯಾಡ, ಹೇಳಬ್ಯಾಡ,” ಎನ್ನುತ್ತಲೇ ಮುಖವನ್ನು ಹತ್ತಿರ ತಂದು ನೋಡುತ್ತಿದ್ದರು. “ಭಾಳ ಆಗಿತ್ತೋ, ಸ್ವಲ್ಪ ಆಗಿತ್ತೋ? ಬರೇ ತಲಿ ಆಡಸು ಸಾಕು.” ನಾನು ತಲೆ ಆಡಿಸಿದರೆ, “ಇದು ಹೌದೋ ಅಲ್ಲೋ ತಿಳೀವಲ್ದು, ಬಿಡು, ಬೆಲ್ಲ ತಿನ್ನು,” ಎನ್ನುತ್ತಿದ್ದರು. ಆ ಬೇಸಿಗೆಯಲ್ಲಿ ನಾನು ತಿಂದಷ್ಟು ಬೆಲ್ಲ ಊರಿನಲ್ಲಿ ಯಾರೂ ತಿಂದಿರಲಿಕ್ಕಿಲ್ಲ. ನಾನು ಮೊದಲಿನಿಂದಲೂ ಕಡಿಮೆ ಮಾತಿನವಳು. ಆದರೆ ಸುಮ್ಮನಿರುವುದು ಬೇರೆ, ಬಾಯಿ ಕಟ್ಟಿಕೊಂಡು ಇರುವುದು ಬೇರೆ ಎಂದು ಆಗ ತಿಳಿಯಿತು. ಒಂದರಲ್ಲಿ ತಂಪಿದೆ. ಇನ್ನೊಂದರಲ್ಲಿ ಉಸಿರು ಸಾಲುವುದಿಲ್ಲ.

ಕೊನೆಗೆ ಒಂದು ಕಡೆ ಬಂದು ನಾನು ಗಟ್ಟಿಯಾಗಿ ನಿಂತುಬಿಟ್ಟೆ. ಅರಳೆಯಲ್ಲಿ ಮುಖ ಒತ್ತಿದ್ದು, ಉಸಿರು ಕಟ್ಟಿದ್ದು, ಮಾಸ್ತರರು ಹೊರಗೆ ಹೋದದ್ದು, ಎಲ್ಲ ಬಂದಿತ್ತು. ಆಮೇಲೆ ಬಾಗಿಲಿನ ಹತ್ತಿರ ಏನೋ ಇತ್ತು, ಅದು ಬರುತ್ತಿರಲಿಲ್ಲ. ಸಂಜೆಯವರೆಗೂ ನಾನು ಅಲ್ಲೇ ಇದ್ದೆ ಎಂದು ಗೊತ್ತು. ಯಾಕೆ ಇದ್ದೆ ಎಂದು ಗೊತ್ತಿಲ್ಲ. ತಾರಾಬಾಯಿ ಎಷ್ಟು ಸಲ “ಆಮ್ಯಾಲೆ” ಎಂದರೂ ನಾನು ಎರಡೂ ಕೈ ಮುಂದೆ ಚಾಚಿ, ಗಾಳಿಯಲ್ಲಿ ಬಾಗಿಲು ಹುಡುಕುವವಳಂತೆ ಕೂರುತ್ತಿದ್ದೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಒಂದು ದಿನ ಅವಳ ಕೈಯ ಸೊಪ್ಪು ನೆಲಕ್ಕೆ ಬಿದ್ದ ಸದ್ದಾಯಿತು.

“ಹೊರಗಿಂದ ಬೀಗ ಹಾಕಿದ್ದನೇನ ಮಗಳ?” ಎಂದಳು ತಾರಾಬಾಯಿ.

ಮರುಕ್ಷಣ ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಿರಬೇಕು, ಬಳೆಗಳ ಸದ್ದು ಕೇಳಿತು. ನನಗಾದರೋ ಆ ಮಾತು ಎದೆಯ ಮೇಲಿಂದ ಚಪ್ಪಡಿ ಸರಿಸಿದ ಹಾಗಾಯಿತು. ಬೀಗ. ಹೌದು, ಮತ್ತೇನು. ಬೀಗ ಹಾಕಿದ್ದಕ್ಕೇ ನಾನು ಬರಲಿಲ್ಲ. ತಲೆ ಆಡಿಸಿದೆ, ಕಣ್ಣು ಒರೆಸಿಕೊಂಡೆ, ನಕ್ಕೆ. ತಾರಾಬಾಯಿ ನಗಲಿಲ್ಲ. ಅವಳೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವತ್ತು ಅವಳು ಒತ್ತಾಯ ಮಾಡಿ ಊಟಕ್ಕಿರಿಸಿಕೊಂಡು ರೊಟ್ಟಿ ಪಲ್ಯ ಹಾಕಿದಳು.

ಮಾಸ್ತರರು ಅರಳೆ ಕೋಣೆಯಲ್ಲಿ ಬೀಗ ಹಾಕಿ ಕೂಡಿಹಾಕಿದ್ದರೆಂದಷ್ಟೇ ಬರೆದು, ಬಾಯಿ ಬಿಡದೆ ಪೊಲೀಸರಿಗೆ ದೂರು ಕೊಟ್ಟೆವು. ನನ್ನ ಸಾಕ್ಷಿ ಮುಗಿಯುವವರೆಗೆ ವಸತಿಶಾಲೆ ತೆರೆಯಬಾರದೆಂದು ಕೋರ್ಟು ತಡೆಯಾಜ್ಞೆ ಕೊಟ್ಟಿತು. ಸಾಕ್ಷಿ ನಿಂತರೆ ಮಾಸ್ತರರು ಅಪರಾಧಿ, ಬಿದ್ದರೆ ಮರುದಿನವೇ ಉದ್ಘಾಟನೆ. ಊರು ಎರಡಾಯಿತು. ಅರ್ಧ ಜನ ಕನ್ನಡಕಕ್ಕೆ ನಮ್ಮಲ್ಲಿ ಬರುವುದನ್ನೇ ಬಿಟ್ಟು, ಕಣ್ಣು ಕಿರಿದು ಮಾಡಿಕೊಂಡು ಓಡಾಡತೊಡಗಿದರು. ಇನ್ನರ್ಧ ಜನ ಕಣ್ಣು ಚೆನ್ನಾಗಿದ್ದರೂ ಬಂದು ಕೂತು, ಹಾಳೆಯ ಅಕ್ಷರಗಳನ್ನೆಲ್ಲ ಸರಿಯಾಗಿ ಓದಿ, ನನ್ನ ಕೈ ಹಿಡಿದು ಒತ್ತಿ ಹೋಗುತ್ತಿದ್ದರು. ತಾರೀಖಿನ ಮೇಲೆ ತಾರೀಖು ಬಿತ್ತು. ಮಂದಾರಳಿಗೆ ಸಿಟ್ಟು. “ಅವ್ವಾ, ನಿನ್ನ ಸಲುವಾಗಿ ನನ್ನ ಗೆಳತ್ಯಾರೆಲ್ಲ ಕಾಯಕತ್ಯಾರ. ಲಗೂನ ನೆನಪ ಮಾಡಿಕೊಂಡ ಮುಗಸು,” ಎನ್ನುತ್ತಿದ್ದಳು. ನೆನಪಾಗಿದೆ ಕಂದಾ, ಹೇಳುವಂತಿಲ್ಲ ಎಂದರೆ, “ಹಂಗಾದರ ಹಾಡಿ ತೋರಿಸು,” ಎನ್ನುವಳು.

ಕೊನೆಗೂ ದಿನ ಬಂತು. ಕೋರ್ಟಿನ ಬೆಂಚುಗಳೆಲ್ಲ ತುಂಬಿ, ಕಿಟಕಿಗಳಲ್ಲೂ ಜನ. ಮುಂದಿನ ಸಾಲಿನಲ್ಲಿ ರಾಚಯ್ಯ, ಪಕ್ಕದಲ್ಲಿ ತಾರಾಬಾಯಿ. ಅವಳು ಅವತ್ತು ಎಲೆ ಅಡಿಕೆ ಹಾಕಿರಲಿಲ್ಲ, ತುಟಿ ಬೆಳ್ಳಗಿತ್ತು. ಹಿಂದೆ ಬಾಗಿಲ ಹತ್ತಿರ ಅಡಿವೆಪ್ಪ ಮಿರ್ಚಿ ಭಜಿಯ ಪೊಟ್ಟಣ ಹಿಡಿದು ನಿಂತಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಅವನ ಭಜಿ ಅಂಗಡಿ. ಎಮ್ಮೆಕೋಡಿನಂಥ ಮೀಸೆ, ನಗಾರಿಯಂಥ ದನಿ. ಚಿಕ್ಕಂದಿನಲ್ಲಿ ನನ್ನ ಜೊತೆ ಮಾಸ್ತರರ ಹತ್ತಿರವೇ ಮಗ್ಗಿ ಕಲಿತವನು. ಕೋರ್ಟಿನಲ್ಲಿ ಯಾವ ಸಾಕ್ಷಿ ಇದ್ದರೂ ಅವನು ತಪ್ಪಿಸುವುದಿಲ್ಲ. ನಾಟಕ ನೋಡಲು ಬಂದವರಂತೆ ಬರುತ್ತಾನೆ. “ಹೆದರಬ್ಯಾಡ್ರಿ ಅಕ್ಕಾರ,” ಎಂದ ನಾನು ದಾಟುವಾಗ, “ನಿಮ್ಮ ದನಿ ಆವಾಗ ಭಾಳ ಛಲೋ ಇತ್ತು. ಪ್ರಾರ್ಥನಾ ನೀವ ಹೇಳತಿದ್ರಿ.”

ಮುರಿಗೆಪ್ಪ ಮಾಸ್ತರರು ಇಸ್ತ್ರಿ ಮಾಡಿದ ಧೋತರ, ಕಪ್ಪು ಕೋಟು ಹಾಕಿ ಶಾಂತವಾಗಿ ಕೂತಿದ್ದರು. ಅವರ ಪಕ್ಕದಲ್ಲಿ ಅವರ ವಕೀಲರು ಪಂಚಾಕ್ಷರಿಯವರು. ಅವರ ಹಿಂದೆ ಗೋಡೆಗೆ ಒರಗಿಸಿದ್ದು ಒಂದು ಬಾಗಿಲು. ನಿಜವಾದ ಬಾಗಿಲು, ಚೌಕಟ್ಟಿನ ಸಮೇತ ಕಿತ್ತು ತಂದದ್ದು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಅದರ ಮೇಲೆ ಕೋರ್ಟಿನ ಬೆಕ್ಕು ಆಗಲೇ ಹತ್ತಿ ಕೂತಿತ್ತು.

ನ್ಯಾಯಾಧೀಶರು ಹೆಂಗಸು, ವಯಸ್ಸಾದವರು. “ಕಣ್ಣು ಮುಚ್ಚಿರಿ,” ಎಂದರು. ಎಲ್ಲರೂ ಮುಚ್ಚಿದರು. ಆ ಹೊತ್ತಿನಲ್ಲಿ ಇಡೀ ಸಭೆಯಲ್ಲಿ ಕಣ್ಣು ತೆರೆದಿರುವುದು ಸಾಕ್ಷಿ ಹೇಳುವವರದು ಮಾತ್ರ. ಅಷ್ಟೊಂದು ಮುಖಗಳು ಒಟ್ಟಿಗೆ ನಿದ್ದೆ ಹೋದಂತೆ ಕಾಣುತ್ತವೆ. ಎಂಥ ದೊಡ್ಡವರಾದರೂ ಕಣ್ಣು ಮುಚ್ಚಿದರೆ ಯಾರದೋ ಮಕ್ಕಳಂತೆ ಇರುತ್ತಾರೆ. ನನಗೆ ಧೈರ್ಯ ಬಂತು. ಬಾಯಿ ತೆರೆದೆ.

ಬಂದ ದನಿ ಕೇಳಿ ನನಗೇ ಆಶ್ಚರ್ಯ. ಅಷ್ಟು ತೆಳ್ಳಗೆ, ಅಷ್ಟು ಹತ್ತಿರ. ಮುಂದಿನ ಹಲ್ಲಿಲ್ಲದ ಏಳು ವರ್ಷದವಳು. “ನಂಗ ಎಂಟರ ಮಗ್ಗಿ ಬರಲಿಲ್ರಿ. ಮಾಸ್ತರು ಅರಳಿ ಖೋಲಿಗೆ ಬಾ ಅಂದ್ರು. ಹಿಂದಿಂದ ತಲಿ ಹಿಡದು ಅರಳ್ಯಾಗ ಒತ್ತಿದ್ರು. ಉಸಿರು ತಗೊಂಡ್ರ ಬಾಯಿಗೆ ಅರಳಿ ಬರತಿತ್ತು. ನಾ ಎಂಟೊಂದ್ಲ ಎಂಟು ಅಂತ ಅನ್ನಾಕ ಹೋದ್ನಿ, ದನಿ ಬರಲಿಲ್ಲ. ಬಿಟ್ರು. ಮತ್ತ ಒತ್ತಿದ್ರು. ಇಲ್ಲೇ ಬಿದ್ದಿರು, ಮನ್ಯಾಗ ಕೇಳಿದ್ರ ಆಟ ಆಡಿದ್ವಿ ಅಂತ ಹೇಳಬೇಕು ಅಂದ್ರು. ಹೊರಗ ಹ್ವಾದ್ರು.”

ರಾಚಯ್ಯನವರ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಮೂಗಿನ ತುದಿಗೆ ಬಂದು ನಿಂತಿತ್ತು. ನಾನು ಮುಂದುವರಿದೆ. ಆಗ ನನ್ನ ಬಾಯಿಂದ ಎಲೆ ಅಡಿಕೆ ಹಾಕಿ ಒಡೆದ, ದಪ್ಪ, ಗಂಡು ದನಿ ಹೊರಟಿತು:

“ಹೊರಗಿಂದ ಬೀಗ ಹಾಕಿದ್ದ.”

ಎಲ್ಲರ ಕಣ್ಣೂ ಫಕ್ಕನೆ ತೆರೆದವು. ಮೊದಲು ಕಿಟಕಿಯಿಂದ ಯಾರೋ ನಕ್ಕರು, ಆಮೇಲೆ ನಗು ಎಲ್ಲ ಕಡೆ ಹರಡಿತು. ಕೆಲವರು ತಾರಾಬಾಯಿಯತ್ತ ಬೆರಳು ತೋರಿಸುತ್ತಿದ್ದರು. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮುದುಡಿದ್ದಳು. ಹಿಂದಿನ ಬೆಂಚಿನಲ್ಲಿ, “ಬೆಳಗಿನಿಂದ ಮೆಂತೆ ವಾಸನಿ ಬರತಿತ್ತು ನೋಡು,” ಎಂದು ಯಾರೋ ಹೇಳಿದ್ದಕ್ಕೆ ಇನ್ನೊಂದು ಸಲ ನಗು.

ಪಂಚಾಕ್ಷರಿಯವರು ಎದ್ದರು. ಅವರಿಗೆ ಅವಸರವಿರಲಿಲ್ಲ. “ತಾಯೀ, ಇದು ಯಾರ ನೆನಪು ಅನ್ನೋದು ಇನ್ನ ನಾ ಹೇಳಬೇಕಾಗಿಲ್ಲ,” ಎಂದು, ಬಾಗಿಲಿನ ಮೇಲಿದ್ದ ಬೆಕ್ಕನ್ನು ಇಳಿಸಿ, ಬಾಗಿಲನ್ನು ಬಡಿದು ತೋರಿಸಿದರು. “ಅರಳಿ ಖೋಲಿಯ ಬಾಗಲಾ ಇದು. ಮಿಲ್ಲು ಕಟ್ಟಿದಾಗಿನಿಂದ ಇದೇ ಐತಿ. ಬೀಗ ಬಿಡ್ರಿ, ಇದಕ್ಕ ಚಿಲಕಾನೂ ಇಲ್ಲ, ಕೊಂಡಿ ಬಡಿದ ಮೊಳೆ ತೂತೂ ಇಲ್ಲ. ಬೇಕಾದರ ಕೈ ಆಡಿಸಿ ನೋಡ್ರಿ. ಬೀಗ ತಾರಾಬಾಯೀದು ಅಂದಮ್ಯಾಲ ಅರಳೀನೂ ಆಕೀದೇ, ಒತ್ತಿದ ಕೈನೂ ಆಕೀದೇ.”

ನ್ಯಾಯಾಧೀಶರು ನಿಜಕ್ಕೂ ಇಳಿದು ಬಂದು ಬಾಗಿಲ ಮೇಲೆ ಕೈ ಆಡಿಸಿದರು. ನುಣ್ಣಗಿತ್ತು. ಸರ್ಕಾರಿ ವಕೀಲರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಇನ್ನೇನು, ನಾಳೆ ಉದ್ಘಾಟನೆ. ನ್ಯಾಯಾಧೀಶರು ನನ್ನತ್ತ ತಿರುಗಿ, “ಏನಾದರೂ ಹೇಳುವುದಿದೆಯೇನಮ್ಮಾ?” ಎಂದರು.

ನಾನು ಆ ಬಾಗಿಲನ್ನೇ ನೋಡುತ್ತಿದ್ದೆ. ತಾರಾಬಾಯಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೀಗವನ್ನು ಅವಳು ಕೊಟ್ಟಿದ್ದು ಹೌದು, ಆದರೆ ಕೈ ಚಾಚಿ ತೆಗೆದುಕೊಂಡವಳು ನಾನು. ಅದು ನನಗೆ ಎಷ್ಟು ಒಗ್ಗಿತ್ತು. ಇಷ್ಟು ತಿಂಗಳು ಅದನ್ನು ತಲೆದಿಂಬಿನ ಹಾಗೆ ಇಟ್ಟುಕೊಂಡು ಮಲಗಿದ್ದೆ. ಬೀಗ ಇದ್ದರೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ನಾನೂ ನನ್ನನ್ನು ಕೇಳಬೇಕಾಗಿಲ್ಲ.

“ಬೀಗದ ಮಾತು ನಂದಲ್ರಿ,” ಎಂದೆ, ಈಗಿನ ದನಿಯಲ್ಲಿ. “ಅದನ್ನ ತಗದುಬಿಡ್ರಿ. ಉಳಿದದ್ದೆಲ್ಲ ನಂದು.”

“ಅದನ್ನ ತೆಗೆದರೆ ಆ ಜಾಗದಲ್ಲಿ ಏನಿದೆ?” ಎಂದರು ನ್ಯಾಯಾಧೀಶರು.

“ಗೊತ್ತಿಲ್ರಿ.”

ಮತ್ತೆ ಗುಸುಗುಸು ಎದ್ದಿತು. ನಾನು ಕಟಕಟೆ ಹಿಡಿದು ನಿಂತೇ ಇದ್ದೆ. ಮಾತು ಹೊರಟುಹೋದ ಆ ಖಾಲಿಯನ್ನು ಮತ್ತೇನಾದರೂ ತುಂಬಿ ಮುಚ್ಚುವ ಆಸೆ ನಾಲಿಗೆಯ ತುದಿಯಲ್ಲೇ ಇತ್ತು. ತುಂಬಲಿಲ್ಲ. ಪಂಚಾಕ್ಷರಿಯವರಿಗೆ ಬೇಸರ ಬಂದಿರಬೇಕು. ಕೋಟಿನ ತೋಳು ಜಾಡಿಸುತ್ತ, ಸಭೆಯ ಕಡೆ ನೋಡಿ ನಗುತ್ತ, “ಮಾಸ್ತರು ಹೊರಗ ಹ್ವಾದ್ರು. ಛಲೋ ಆತು. ಆಮ್ಯಾಲೆ?” ಎಂದರು.

ಚೇಷ್ಟೆಗೆ ಹೇಳಿದ್ದು. ಆದರೆ ಮಾತು ಸರಿಯಾದದ್ದೇ. ತಾರಾಬಾಯಿ ಸೆರಗಿನೊಳಗಿಂದ ತಲೆ ಎತ್ತಿದಳು. ನನ್ನ ಗದ್ದ ನಡುಗಿತು. ನ್ಯಾಯಾಧೀಶರು ಅದನ್ನು ನೋಡಿದವರೇ, “ಕಣ್ಣು ಮುಚ್ಚಿರಿ,” ಎಂದರು.

“ಬಾಗಲಾ ತೆರದ ಇತ್ತು,” ಎಂದಳು ಏಳು ವರ್ಷದವಳು. “ಅಂಗಳ ಕಾಣತಿತ್ತು. ಹೊರಗ ಎಲ್ಲಾರೂ ಮಗ್ಗಿ ಅನ್ನಾಕತ್ತಿದ್ರು. ಬಿಸಲು ಒಳಗ ನನ್ನ ಕಾಲತನಾ ಬಂದಿತ್ತು. ಮಾಸ್ತರು ಹೊರಗ ಬರಬ್ಯಾಡ ಅಂದಿದ್ರು. ಅದಕ್ಕ ನಾ ಬರಲಿಲ್ಲ.”

ಇಷ್ಟೇ. ಇದೇ ಅಲ್ಲಿದ್ದದ್ದು. ಹೇಳಿ ಮುಗಿಸಿದಾಗ ನನ್ನ ಕಿವಿ ಬಿಸಿಯಾಗಿತ್ತು. ಅರಳೆಯ ವಿಷಯ ಹೇಳುವಾಗ ಆಗದ ನಾಚಿಕೆ ಈಗ ಆಗಿತ್ತು. ಪಂಚಾಕ್ಷರಿಯವರು ಕಣ್ಣು ಬಿಟ್ಟು, ಈ ಸಲ ನಗದೆ, “ಬಾಗಲಾ ತೆರದಿತ್ತು ಅಂದ್ರ ಯಾಕ ಬರಲಿಲ್ಲ?” ಎಂದು ಕೇಳಿದರು. ಆ ಪ್ರಶ್ನೆಯನ್ನು ಯಾರೂ ಕೇಳಬಾರದೆಂದೇ ನಾನು ತೆರೆದ ಬಾಗಿಲನ್ನು ಮರೆತಿದ್ದೆ.

ಆಗ ಬಾಗಿಲ ಕಡೆಯಿಂದ ಒಂದು ಹುಡುಗನ ದನಿ ಬಂತು.

“ನಾನೂ ಬರಲಿಲ್ಲ.”

ಯಾರೋ ಮಕ್ಕಳನ್ನು ಒಳಗೆ ಬಿಟ್ಟರೆಂದು ಪೇದೆ ಹುಡುಕಾಡಿದ. ಮಕ್ಕಳಿರಲಿಲ್ಲ. ಅಡಿವೆಪ್ಪ ಭಜಿಯ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು, ತಾನೇ ಬೆಚ್ಚಿದವನಂತೆ ನಿಂತಿದ್ದ. ಆ ಮೀಸೆಯ ಕೆಳಗಿನಿಂದ ಇನ್ನೊಮ್ಮೆ ಅದೇ ಎಳೆಯ ದನಿ, “ನನ್ನೂ ಒತ್ತಿದ್ರು. ಬಾಗಲಾ ತೆರದ—” ಎಂದು ಹೊರಟಿತು. “ಅವನ ಬಾಯಿಗೆ ಏನಾದರೂ ಇಡ್ರಪ್ಪಾ,” ಎಂದು ನ್ಯಾಯಾಧೀಶರು ಮೇಜು ಬಡಿದರು, “ಚೆಲ್ಲಿಹೋಗುತ್ತದೆ, ಕಟಕಟೆಗೆ ಕರೆಯಬೇಕು.” ಅಡಿವೆಪ್ಪನಿಗೇ ಹೊಳೆದು, ಎರಡು ಮಿರ್ಚಿ ಭಜಿ ಒಟ್ಟಿಗೆ ಬಾಯಿಗೆ ತುರುಕಿಕೊಂಡ. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಖಾರಕ್ಕೋ ಯಾತಕ್ಕೋ, ಕೇಳಿದರೆ ಇವತ್ತಿಗೂ ಖಾರಕ್ಕೇ ಎನ್ನುತ್ತಾನೆ. ಅಷ್ಟರಲ್ಲಿ ಕಿಟಕಿಯ ಹತ್ತಿರ ನಿಂತಿದ್ದ ಅಂಚೆ ಕಚೇರಿಯ ಹೆಂಗಸೊಬ್ಬಳು ಗದ್ದ ಹಿಡಿದುಕೊಂಡು ಕೆಳಗೆ ಕೂತಳು. ಅವಳ ಪಕ್ಕದವನು ತನ್ನ ಬಾಯಿಗೆ ತಾನೇ ಕರವಸ್ತ್ರ ಇಟ್ಟುಕೊಂಡ. ಕೋರ್ಟಿನ ಬೆಲ್ಲದ ಡಬ್ಬಿ ಕೈಯಿಂದ ಕೈಗೆ ದಾಟುತ್ತ ಹಿಂದಿನವರೆಗೂ ಹೋಗಿ, ಖಾಲಿಯಾಗಿ ಬಂತು.

ಮುರಿಗೆಪ್ಪ ಮಾಸ್ತರರು ಮಾತ್ರ ಕಣ್ಣು ತೆರೆಯಲಿಲ್ಲ. ನ್ಯಾಯಾಧೀಶರು ತೆರೆಯಿರಿ ಎಂದರೂ ತೆರೆಯಲಿಲ್ಲ.

ಅವರೆಲ್ಲರ ಸಾಕ್ಷಿ ಮುಗಿಯಲು ಆ ವಾರ ಪೂರ್ತಿ ಹಿಡಿಯಿತು. ಮಾಸ್ತರರಿಗೆ ಶಿಕ್ಷೆಯಾಯಿತು. ವಸತಿಶಾಲೆ ಬೇರೆಯವರ ಕೈಗೆ ಹೋಯಿತು, ಬರುವ ವರ್ಷ ತೆರೆಯುತ್ತದಂತೆ. ತಾರಾಬಾಯಿಗೆ ಕೋರ್ಟು ಕಟುವಾಗಿ ಎಚ್ಚರಿಕೆ ಕೊಟ್ಟಿತು. ಅವಳು ನಮ್ಮ ಅಂಗಡಿಗೆ ಬಂದು, ಬಾಗಿಲಲ್ಲೇ ನಿಂತು, “ನಿನ್ನ ಅಳು ನೋಡಾಕ ಆಗಲಿಲ್ಲವಾ, ಅದಕ್ಕ ಬಾಯಿ ಸಡಲು ಆತು,” ಎಂದಳು. ಒಳಗೆ ಕರೆದು ಕೂರಿಸಿ ಕಣ್ಣು ಪರೀಕ್ಷೆ ಮಾಡಿದೆ. ಹತ್ತಿರದ್ದು ಏನೂ ಕಾಣುತ್ತಿರಲಿಲ್ಲ. ಇಷ್ಟು ವರ್ಷ ಸೊಪ್ಪನ್ನು ಕೈಯಂದಾಜಿನಲ್ಲೇ ಬಿಡಿಸಿದ್ದಾಳೆ. ಅವರ ಮನೆಯ ಪಲ್ಯದಲ್ಲಿ ಹುಲ್ಲು ಯಾಕೆ ಸಿಗುತ್ತಿತ್ತೆಂದು ಆಗ ತಿಳಿಯಿತು.

ಸಾಕ್ಷಿ ಹೇಳಿದ ದಿನ ಸಂಜೆ ಮನೆಯಲ್ಲಿ ರಾಚಯ್ಯ ಚಹಾ ಮಾಡಿದರು. ಮಂದಾರ ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಇನ್ನು ಹೇಳಬಹುದಲ್ಲ, ಹೇಳು ಎಂದಳು. ಹೇಳಿದೆ. ಎರಡನೇ ಸಲದ ಹೇಳಿಕೆ. ನನ್ನ ದಿನದ ದನಿಯಲ್ಲಿ, ಗಿರಾಕಿಗಳಿಗೆ ನಂಬರು ಹೇಳುವ ದನಿಯಲ್ಲಿ. ಅವಳಿಗೆ ತಿಳಿಯುವಷ್ಟು ಹೇಳಿದೆ, ಬಾಗಿಲು ತೆರೆದಿದ್ದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅದು ನನ್ನಿಂದ ಸ್ವಲ್ಪ ದೂರ ಹೋಗಿ ಕೂತಿತು, ಮಾತಿಗೆ ಸಿಗುವಷ್ಟು ದೂರ.

“ತೆರದ ಇತ್ತಲ್ಲ, ಯಾಕ ಬರಲಿಲ್ಲವಾ ನೀ?” ಎಂದಳು ಮಂದಾರ. ರಾಚಯ್ಯ ಒಳಗಿನಿಂದ “ಏ ಹುಡುಗಿ” ಎಂದು ಗದರಿದರು. ನಾನು ಇರಲಿ ಎಂದು ಕೈಸನ್ನೆ ಮಾಡಿದೆ.

“ಮಾಸ್ತರು ಬರಬ್ಯಾಡ ಅಂದಿದ್ರು,” ಎಂದೆ.

ಅವಳು ಹುಬ್ಬು ಗಂಟು ಹಾಕಿದಳು. ಲೆಕ್ಕ ತಾಳೆಯಾಗದವರ ಮುಖ.

“ಮಾಸ್ತರು ಅಂದ್ರೇನಾತು? ನಾ ಆಗಿದ್ರ ಎದ್ದು ಬಂದುಬಿಡತಿದ್ದೆ. ಬಂದು ನಿನಗ ಹೇಳತಿದ್ದೆ.”

ಆ ವರ್ಷದಲ್ಲಿ ನಾನು ಕೇಳಿದ ಮಾತುಗಳಲ್ಲಿ ಅಷ್ಟು ಸಿಹಿಯಾದದ್ದು ಇನ್ನೊಂದಿಲ್ಲ. ಜಡೆ ಬಿಚ್ಚಿಹೋಗಿತ್ತು ಅವಳದು, ಹತ್ತಿರ ಎಳೆದುಕೊಂಡು ಹೆಣೆಯತೊಡಗಿದೆ.

“ಹೌದು,” ಎಂದೆ, “ನೀ ಎದ್ದು ಬಂದುಬಿಡು.”